ಹೈಬ್ರಿಡ್ ಅಂದರೂ ಗಾಂಜಾ ಗಾಂಜಾನೇ!

ಹೈಬ್ರಿಡ್ ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಭಾರಿ ಮರ್ಯಾದೆ. ಹೈಬ್ರಿಡ್ ಜೋಳ ಬಂತು, ಹೈಬ್ರಿಡ್ ಹತ್ತಿ ಬಂತು, ಹೈಬ್ರಿಡ್ ಟೊಮೇಟೊ ಬಂತು. ಈಗ ಗಾಂಜಾದ ಸರದಿ. "ಇದು ನಾಟಿ ಮಾಲಲ್ಲ, ಸಮತೂಕದ ಹೈಬ್ರಿಡ್ಡು. ಮತ್ತು ಕಮ್ಮಿ, ಕಾಸು ಜಾಸ್ತಿ" ಎಂದು ಬೀಜ ಹಿಡಿದು ಬರುವ ದಲ್ಲಾಳಿಯ ಮಾತಿಗೆ ಮರುಳಾಗುವ ಮುನ್ನ ರೈತರೂ, ಅಂಗಡಿಯವರೂ, ದಿನಾ ಬಸ್ಸಿನಲ್ಲಿ ಓಡಾಡುವವರೂ ಕೆಲವು ಸಂಗತಿ ತಿಳಿದಿರಬೇಕು.

ಏನಿದು ಸಮತೂಕ?

ಗಾಂಜಾ ಗಿಡದಲ್ಲಿ ಎರಡು ಬಗೆ ಎಂದು ಹೇಳುವುದು ವಾಡಿಕೆ. ಎತ್ತರಕ್ಕೆ ಬೆಳೆಯುವ, ಕಿರಿದಾದ ಎಲೆಯ ಸಟೈವಾ ಒಂದು. ಗಿಡ್ಡಗಿನ, ಅಗಲ ಎಲೆಯ ಇಂಡಿಕಾ ಇನ್ನೊಂದು. ಎರಡನ್ನೂ ಕೂಡಿಸಿದ್ದೇ ಹೈಬ್ರಿಡ್. ಎರಡರ ಪಾಲೂ ಹೆಚ್ಚುಕಮ್ಮಿ ಒಂದೇ ಇದ್ದರೆ ಅದು ಸಮತೂಕದ ತಳಿ. ಆದರೆ ಮತ್ತು ಬರಿಸುವುದು ತಳಿಯ ಹೆಸರಲ್ಲ, ಹೂವಿನ ಅಂಟಿನಲ್ಲಿರುವ ಟಿಎಚ್‌ಸಿ ಎಂಬ ಪದಾರ್ಥ. ಪೊಟ್ಟಣದ ಮೇಲಿನ ಹೆಸರು ನೋಡಿ ಒಳಗಿನ ಸತ್ವ ಹೇಳಲಾಗದು. ಸಮತೂಕ ಅಂದಮಾತ್ರಕ್ಕೆ ಸೌಮ್ಯ ಅಂತಲ್ಲ.

ಕಾಯಿದೆಗೆ ತಳಿ ಬೇಕಿಲ್ಲ

1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಕಟ್ಟಿದ ತುದಿ. ಅದನ್ನು ಯಾವ ಹೆಸರಿನಿಂದ ಕರೆದರೂ ಅಷ್ಟೇ. ತುದಿಯಿಲ್ಲದ ಬರೀ ಎಲೆ, ಬೀಜ ಈ ಅರ್ಥದಲ್ಲಿ ಗಾಂಜಾ ಅಲ್ಲ, ನಿಜ. ಆದರೆ ಲೈಸೆನ್ಸಿಲ್ಲದೆ ಗಿಡ ಬೆಳೆಸುವುದೇ ಬೇರೆ ಅಪರಾಧ. ಅದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. "ನಾಲ್ಕೇ ಗಿಡ ಸಾರ್" ಅಂದರೆ ನಡೆಯದು. ಬೆಳೆಯುವ ಅಪರಾಧಕ್ಕೆ ಕಾಯಿದೆ ಗಿಡದ ಲೆಕ್ಕ ಇಟ್ಟಿಲ್ಲ.

ಮುಸುಕಿನ ಜೋಳ, ಹತ್ತಿ, ತೊಗರಿ ಸಾಲುಗಳ ನಡುವೆ ಗಾಂಜಾ ಬೆಳೆದು ಸಿಕ್ಕಿಬಿದ್ದ ಪ್ರಕರಣಗಳು ನಮ್ಮ ರಾಜ್ಯಕ್ಕೆ ಹೊಸದಲ್ಲ. ಪೋಲೀಸರು ಬಂದಾಗ ನೋಡುವುದು ಪಹಣಿ. ಪಹಣಿಯಲ್ಲಿ ಇರುವುದು ರೈತನ ಹೆಸರು, ದಲ್ಲಾಳಿಯದಲ್ಲ! ಬೇರೆ ಯಾರೋ ತನ್ನ ಜಮೀನಿನಲ್ಲಿ ಹಾಕಿದ ಗಿಡವಾದರೂ, ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದ ಜಮೀನುದಾರನಿಗೆ ಶಿಕ್ಷೆಯುಂಟು.

ಉತ್ತರಾಖಂಡದಲ್ಲಿ ಬೆಳೆಯುತ್ತಾರಲ್ಲ ಎಂಬ ವಾದವೂ ಉಂಟು. ಅಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಬೆಳೆಯುವುದು ನಾರಿಗೆ, ಬೀಜಕ್ಕೆ, ಟಿಎಚ್‌ಸಿ ಶೇ. 0.3 ಮೀರುವಂತಿಲ್ಲ. ಅಮಲಿನ ಹೈಬ್ರಿಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಥೈಲ್ಯಾಂಡ್ 2022ರಲ್ಲಿ ಬಾಗಿಲು ತೆರೆಯಿತು. 2025ರಲ್ಲಿ ಅಲ್ಲೂ ಡಾಕ್ಟರ ಚೀಟಿ ಬೇಕೆಂದಾಯಿತು.

ಬಸ್ಸಿನಲ್ಲಿ ಜೋಕೆ

ಸಾಗಿಸುವವನಿಗೆ ಲೆಕ್ಕ ಬೇರೆ. 1 ಕಿಲೋವರೆಗೆ ಅಲ್ಪ ಪ್ರಮಾಣ. ಅದಕ್ಕೆ 1 ವರ್ಷದವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಹೆಚ್ಚಿದ್ದರೆ 10 ವರ್ಷದವರೆಗೆ ಸಜೆ. 20 ಕಿಲೋ ದಾಟಿದರೆ ವ್ಯಾಪಾರಿ ಪ್ರಮಾಣ. ಕನಿಷ್ಠವೇ 10 ವರ್ಷ, ಗರಿಷ್ಠ 20. ಅಂಥ ಕೇಸಿನಲ್ಲಿ ಜಾಮೀನೂ ಸುಲಭಕ್ಕೆ ಸಿಗದು.

"ಅಣ್ಣಾ, ಈ ಚೀಲ ಸ್ವಲ್ಪ ಇಟ್ಕೊಳ್ಳಿ, ಮುಂದಿನ ಸ್ಟಾಪಲ್ಲಿ ನಮ್ ಹುಡುಗ ಇಸ್ಕೋತಾನೆ" ಎಂದರೆ ಪ್ರಯಾಣಿಕರು ಉಪಕಾರಕ್ಕೆ ಹೋಗಬಾರದು. ಮಾಲು ಯಾರ ಸ್ವಾಧೀನದಲ್ಲಿ ಸಿಕ್ಕಿತೋ, ತನಗೆ ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಅವನ ಹೆಗಲಿಗೇ ಬರುತ್ತದೆ. ಅಂಗಡಿಯವರಿಗೂ ಇದೇ ಎಚ್ಚರಿಕೆ. ಗೊತ್ತಿದ್ದೂ ಗೋಡೌನು, ಕೋಣೆ, ಗಾಡಿ ಬಳಸಲು ಬಿಟ್ಟರೆ ಮಾಲೀಕನೂ ಆರೋಪಿ.

ಈಗಾಗಲೇ ಚಟಕ್ಕೆ ಬಿದ್ದವರಿಗೆ ಒಂದು ದಾರಿಯುಂಟು. ಸೇವನೆಯ, ಇಲ್ಲವೇ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ವಿಚಾರಣೆಯಿಂದ ವಿನಾಯಿತಿಗೆ ಕಾಯಿದೆಯಲ್ಲೇ ಅವಕಾಶವಿದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದೂ ಹೋಯಿತು.

ಬೆಳೆದು ಕಾಸು ಮಾಡುವ ಆಸೆಯವರಿಗೆ ಮಾತ್ರ ಅಂಥ ದಾರಿಯಿಲ್ಲ. ಬೀಜ ಕೊಡುವವನು ತಳಿಯ ಹೆಸರು ಹೇಳುತ್ತಾನೆ. ಕೋರ್ಟಿನಲ್ಲಿ ಕೂಗುವುದು ಬೆಳೆದವನ ಹೆಸರನ್ನೇ.