ಜಪಾನಿಗೆ ಹೊರಟವರು ರೈಲನ್ನು ನಂಬಿ, ಸಾರನ್ನು ವಿಚಾರಿಸಿ

ನಮ್ಮ ಕಡೆಯ ಮನೆಗಳಿಗೆ ಪರವೂರು ಹೊಸತಲ್ಲ. ಹಿಂದೆ ಬೊಂಬಾಯಿ, ಆ ಬಳಿಕ ಕೊಲ್ಲಿ ದೇಶಗಳು. ಈಗೀಗ ಟೋಕಿಯೊ, ಯೊಕೊಹಾಮಗಳಲ್ಲಿ ಉದ್ಯೋಗಕ್ಕೋ ಓದಿಗೋ ಹೋಗಿರುವ ಮಕ್ಕಳ ವರ್ತಮಾನವೂ ಅಲ್ಲೊಂದು ಇಲ್ಲೊಂದು ಮನೆಯಿಂದ ಕೇಳಿಬರುತ್ತದೆ. ಮಕ್ಕಳು “ಒಮ್ಮೆ ಬಂದು ನೋಡಿ ಹೋಗಿ” ಎಂದು ಕರೆಯುತ್ತಾರೆ. ತಂದೆತಾಯಿಯರಿಗೆ ಆಸೆಯಿಲ್ಲದಿಲ್ಲ. ಆದರೂ ಹೊರಡುವ ಮಾತು ಬಂದಾಗ ಎರಡು ಪ್ರಶ್ನೆಗಳು ಅಡ್ಡ ಬರುತ್ತವೆ: ಅಲ್ಲಿ ನಮಗೆ ಉಣ್ಣಲು ಏನು ಸಿಕ್ಕೀತು? ಒಂದಕ್ಷರವೂ ಓದಲು ಬಾರದ ಊರಿನಲ್ಲಿ ದಾರಿ ತಪ್ಪಿದರೆ ಗತಿಯೇನು?

ಈ ಎರಡು ಅಂಜಿಕೆಗಳಿಂದಾಗಿ ಹಣವೂ ಆರೋಗ್ಯವೂ ಇದ್ದು ಮನೆಯಲ್ಲೇ ಉಳಿದವರನ್ನು ನಾವು ಬಲ್ಲೆವು. ಎರಡು ವಾರ ಆ ದೇಶವನ್ನು ಸುತ್ತಿ ಬಂದ ಮೇಲೆ ನಮಗೆ ಖಚಿತವಾದುದು ಇಷ್ಟು: ದಾರಿಯ ಅಂಜಿಕೆಗೆ ಆಧಾರವಿಲ್ಲ, ಊಟದ ಅಂಜಿಕೆಗೆ ಆಧಾರವಿದೆ, ಪರಿಹಾರವೂ ಇದೆ. ಹೊರಡುವವರ ಉಪಯೋಗಕ್ಕಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆದಿದ್ದೇವೆ.

ಹೊರಡುವ ಮುನ್ನ

ಮೊದಲಿನದು ವೀಸಾ. ಕಾಸರಗೋಡಿನವರಿಗೆ ಮಂಗಳೂರು ಮಗ್ಗುಲಲ್ಲೇ ಇದ್ದರೂ ವಿಳಾಸ ಕೇರಳದ್ದು. ಕೇರಳವು ಚೆನ್ನೈಯಲ್ಲಿರುವ ಜಪಾನೀ ಕಾನ್ಸುಲೇಟಿನ ವ್ಯಾಪ್ತಿಗೆ ಸೇರುತ್ತದೆ, ಬೆಂಗಳೂರಿನದು ಕರ್ನಾಟಕದವರಿಗೆ. ಮಕ್ಕಳ ಕರೆಯ ಮೇರೆಗೆ ಹೋಗುವವರು ಅವರಿಂದ ಆಮಂತ್ರಣ ಪತ್ರ, ಅಲ್ಲಿನ ವಾಸದ ದಾಖಲೆ ಮೊದಲಾದುವನ್ನು ತರಿಸಿಕೊಳ್ಳಬೇಕು. ಸಂಬಂಧವನ್ನು ತೋರಿಸುವ ಪ್ರಮಾಣಪತ್ರವೂ ಬೇಕು. ನಮ್ಮ ಮನೆಗಳಲ್ಲಿ ಒಂದೇ ಹೆಸರು ಒಂದು ದಾಖಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರೆಯಲ್ಪಟ್ಟಿರುವುದು ಅಪರೂಪವೇನಲ್ಲ. ಪಾಸ್‌ಪೋರ್ಟಿನ ಕಾಗುಣಿತಕ್ಕೂ ಉಳಿದುದಕ್ಕೂ ತಾಳೆಯಿದೆಯೇ ಎಂದು ಮೊದಲೇ ನೋಡಿಕೊಂಡರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಕಾಲವನ್ನು ನೋಡಿ ಹೊರಡಿ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ದಿನಗಳ ವರೆಗೆ ಟೋಕಿಯೊ, ಕ್ಯೋಟೊಗಳಲ್ಲಿ ಚೆರಿ ಹೂವಿನ ಕಾಲ. ನವೆಂಬರಿನಲ್ಲಿ ಎಲೆಗಳು ಕೆಂಪಾಗುತ್ತವೆ. ಎರಡೂ ಚೆಂದ, ಎರಡೂ ದುಬಾರಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ವರೆಗಿನ ಸಾಲುರಜೆ ಮತ್ತು ಆಗಸ್ಟ್ ನಡುವಿನ ಒಬೊನ್, ಅಂದರೆ ಅವರ ಪಿತೃಹಬ್ಬ, ಇವೆರಡನ್ನು ಬಿಟ್ಟುಬಿಡಿ. ಆಗ ದೇಶಕ್ಕೆ ದೇಶವೇ ರೈಲು ಹತ್ತುತ್ತದೆ. ಜೂನಿನಲ್ಲಿ ಅಲ್ಲಿಯೂ ಮಳೆ. ನಮ್ಮ ಮಳೆಯಿಂದ ತಪ್ಪಿಸಿಕೊಂಡು ಅವರ ಮಳೆಗೆ ಸಿಕ್ಕಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಪೆಟ್ಟಿಗೆ ಕಟ್ಟುವಾಗ ಒಂದು ಎಚ್ಚರ. ತಾಜಾ ಹಣ್ಣು, ಕರಿಬೇವು, ವೀಳ್ಯದೆಲೆ ಇವುಗಳನ್ನು ಸಸ್ಯ ತಪಾಸಣೆಯ ಸರ್ಟಿಫಿಕೇಟಿಲ್ಲದೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಔಷಧಿಗಳ ಬಗ್ಗೆ ಅಲ್ಲಿನ ಕಾನೂನು ಬಿಗಿ. ಸೂಡೊಎಫೆಡ್ರಿನ್ ಹೆಚ್ಚು ಪ್ರಮಾಣದಲ್ಲಿರುವ ಶೀತದ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ತೊಂದರೆಗೆ ಕಾರಣವಾಗಬಹುದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಿಸಿಕೊಳ್ಳಿ. ಅಲ್ಲಿಯ ವಿದ್ಯುತ್ತು 100 ವೋಲ್ಟು; ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ನಮ್ಮ ಉರುಟು ಕಡ್ಡಿಯ ಪ್ಲಗ್ಗು ಹೋಗದು. ಗಡಿಯಾರವನ್ನು ಮೂರೂವರೆ ತಾಸು ಮುಂದಕ್ಕೆ ತಿರುಗಿಸಿಕೊಳ್ಳಿ.

ಓದು ಬಾರದವರಿಗೂ ದಾರಿ

ಟೋಕಿಯೊದ ರೈಲುಗಳ ನಕ್ಷೆಯನ್ನು ಮೊದಲು ನೋಡಿದವರಿಗೆ ಜೇಡರ ಬಲೆಯ ನೆನಪಾದೀತು. ಗಾಬರಿ ಬೇಡ. ಸುರಂಗ ರೈಲಿನ ಪ್ರತಿಯೊಂದು ಮಾರ್ಗಕ್ಕೂ ಒಂದು ಬಣ್ಣ, ಒಂದು ಅಕ್ಷರ. ಪ್ರತಿಯೊಂದು ಸ್ಟೇಶನ್ನಿಗೂ ಒಂದು ಸಂಖ್ಯೆ. 1927ರಲ್ಲಿ ತೊಡಗಿದ ಗಿಂಜಾ ಮಾರ್ಗದ ಬಣ್ಣ ಕಿತ್ತಳೆ, ಅಕ್ಷರ ಜಿ. ಶಿಬುಯ 1, ಗಿಂಜಾ 9, ಅಸಕುಸ 19. ಗಿಂಜಾದಲ್ಲಿ ಹತ್ತಿದವರು ಅಸಕುಸಕ್ಕೆ ಹೋಗಬೇಕಿದ್ದರೆ ಅಂಕೆ ಏರುತ್ತ ಹೋಗುವ ಗಾಡಿ ಹಿಡಿದು, 19 ಬಂದಾಗ ಇಳಿದರಾಯಿತು. ಸ್ಟೇಶನ್ನಿನ ಹೆಸರನ್ನು ಉಚ್ಚರಿಸಲು ಬಾರದ ಹಿರಿಯರೂ ಅಂಕೆಯನ್ನು ಎಣಿಸಬಲ್ಲರು. ಪರಕೀಯನೂ ದಾರಿ ಕಾಣಲಿ ಎಂದು ಬೋರ್ಡು ಬರೆಯುವುದು ಹೇಗೆಂಬುದನ್ನು ಅಲ್ಲಿ ನೋಡಿ ಕಲಿಯಬೇಕು. ಬೋರ್ಡಿನ ಭಾಷೆ ಬಾರದೆ ಬಸ್ಸು ಬಿಟ್ಟವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಪ್ರತಿ ಸಲ ಟಿಕೇಟು ಕೊಳ್ಳುವ ಬದಲು ಸುಯಿಕಾ, ಪಾಸ್ಮೊ ಯಾ ಒಸಾಕಾ ಕಡೆಯ ಇಕೊಕಾ ಎಂಬ ಕಾರ್ಡೊಂದನ್ನು ತೆಗೆದುಕೊಳ್ಳಿ. ಠೇವಣಿ 500 ಯೆನ್. ಚಿಪ್ಪಿನ ಅಭಾವದಿಂದ 2023ರಲ್ಲಿ ನಿಂತಿದ್ದ ಸುಯಿಕಾ, ಪಾಸ್ಮೊಗಳ ಮಾರಾಟ 2025ರ ಮಾರ್ಚಿನಲ್ಲಿ ಮತ್ತೆ ತೊಡಗಿತು. ಹಣ ತುಂಬಿದ ಕಾರ್ಡನ್ನು ಒಳಹೋಗುವಾಗಲೂ ಹೊರಬರುವಾಗಲೂ ಗೇಟಿಗೆ ತಾಗಿಸಿದರೆ ಬಾಬ್ತು ತಾನಾಗಿ ಕಳೆಯುತ್ತದೆ. ನಗರದ ಬಸ್ಸುಗಳಲ್ಲಿಯೂ ಸಣ್ಣ ಅಂಗಡಿಗಳಲ್ಲಿಯೂ ಅದು ನಡೆಯುತ್ತದೆ. ಆರು ವರ್ಷ ತುಂಬದ ಮಕ್ಕಳು ಹಿರಿಯರೊಂದಿಗಿದ್ದರೆ ಬಾಡಿಗೆಯಿಲ್ಲ. ಆರರಿಂದ ಹನ್ನೊಂದರ ವರೆಗೆ ಅರ್ಧ. ಕೊನೆಯ ಗಾಡಿ ನಡುರಾತ್ರಿಯ ಹೊತ್ತಿಗೆ ಹೊರಟುಹೋಗುತ್ತದೆ. ಬೆಳಗಿನ ಜಾವದ ವರೆಗೆ ಮತ್ತೊಂದಿಲ್ಲ. ಟ್ಯಾಕ್ಸಿಯ ದರ ಕೇಳಿದರೆ ನಿದ್ದೆ ಹಾರಿಹೋದೀತು.

ವೇಗದ ಗಾಡಿ

ಟೋಕಿಯೊದಿಂದ ಒಸಾಕಾದ ವರೆಗಿನ ಶಿಂಕಾನ್ಸೆನ್ 1964ರ ಅಕ್ಟೋಬರ್ 1ರಂದು ತೊಡಗಿತು. ಸುಮಾರು 515 ಕಿಲೋಮೀಟರ್ ದಾರಿಯನ್ನು ನೊಜೊಮಿ ಗಾಡಿ ಎರಡೂವರೆ ತಾಸಿನಲ್ಲಿ ಮುಗಿಸುತ್ತದೆ. ಹಿಕಾರಿ ಇನ್ನಷ್ಟು ಕಡೆ ನಿಲ್ಲುತ್ತದೆ; ಕೊದಾಮ ಎಲ್ಲ ಸ್ಟೇಶನ್ನುಗಳಲ್ಲೂ ನಿಲ್ಲುತ್ತದೆ. ಅಂದಿನಿಂದ ಇಂದಿನ ವರೆಗೆ ಶಿಂಕಾನ್ಸೆನ್ ಗಾಡಿ ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಭೂಕಂಪದ ಸೂಚನೆ ಸಿಕ್ಕಿದೊಡನೆ ಗಾಡಿ ತಾನಾಗಿ ನಿಲ್ಲುವ ಏರ್ಪಾಡಿದೆ.

ಪ್ಲಾಟ್‌ಫಾರಮಿನ ಮೇಲೆ ಬೋಗಿಯ ಸಂಖ್ಯೆ ಬರೆದಿದೆ. ಬಾಗಿಲು ಅಲ್ಲಿಯೇ ಬಂದು ನಿಲ್ಲುತ್ತದೆ. ನಡುದಾರಿಯ ಸ್ಟೇಶನ್ನುಗಳಲ್ಲಿ ನಿಲುಗಡೆ ಒಂದೆರಡು ನಿಮಿಷ ಮಾತ್ರ. ಗಾಡಿ ಬಂದ ಮೇಲೆ ಚಹಾ ಕುಡಿದು ಹತ್ತುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಇಳಿಯುವವರು ಐದು ನಿಮಿಷ ಮುಂಚಿತವಾಗಿ ಬಾಗಿಲ ಬಳಿ ಸೇರಬೇಕು. ಟೋಕಿಯೊದಿಂದ ಕ್ಯೋಟೊಗೆ ಹೋಗುವಾಗ ಬಲಬದಿಯ ಇ ಸೀಟನ್ನು ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಮುಕ್ಕಾಲು ತಾಸಿನೊಳಗೆ ಫುಜಿ ಪರ್ವತದ ದರ್ಶನವಾಗುತ್ತದೆ.

ವಿದೇಶಿಗರಿಗೆಂದು ಮಾರುವ ರೈಲು ಪಾಸನ್ನು ಲೆಕ್ಕ ಹಾಕದೆ ಕೊಳ್ಳಬೇಡಿ. ಏಳು ದಿನದ ಪಾಸು 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಕಾಯ್ದಿರಿಸಿದ ಸೀಟಿಗೆ ಒಂದು ದಿಕ್ಕಿಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಯೆನ್ ಒಂದಕ್ಕೆ ಅರ್ಧ ರೂಪಾಯಿಗಿಂತ ತುಸು ಹೆಚ್ಚು ಎಂದು ಹಿಡಿದರೆ, ಪಾಸಿನಿಂದ ಒಬ್ಬರಿಗೆ ಹತ್ತು ಸಾವಿರ ರೂಪಾಯಿಗೂ ಮಿಕ್ಕಿ ನಷ್ಟ. ಹಿರೋಶಿಮಾದಂಥ ದೂರದ ಊರುಗಳನ್ನು ಒಂದೇ ವಾರದಲ್ಲಿ ಸುತ್ತುವವರಿಗೆ ಮಾತ್ರ ಅದು ಹೊಂದೀತು.

ಇನ್ನು ಸಾಮಾನು. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಈ ಮಾರ್ಗದಲ್ಲಿ 2020ರ ಮೇಯಿಂದ ಸೀಟಿನೊಂದಿಗೆ ಜಾಗವನ್ನೂ ಮುಂಗಡ ಕಾಯ್ದಿರಿಸಬೇಕು. ತಪ್ಪಿದರೆ 1,000 ಯೆನ್ ತೆರಬೇಕು. ಇದಕ್ಕಿಂತ ಸುಲಭದ ಉಪಾಯ ತಕುಹೈಬಿನ್. ಹೋಟೆಲಿನವರ ಕೈಗೆ ಪೆಟ್ಟಿಗೆ ಒಪ್ಪಿಸಿ ಚೀಟಿ ಬರೆಸಿದರೆ, ಟೋಕಿಯೊದ ಪೆಟ್ಟಿಗೆ ಸಾಮಾನ್ಯವಾಗಿ ಮರುದಿನ ಕ್ಯೋಟೊದ ಹೋಟೆಲನ್ನು ಸೇರಿರುತ್ತದೆ. ಮೆಟ್ಟಲು ಹತ್ತಿಳಿಯುವ ಮೊಣಕಾಲು ನೋವಿನವರಿಗೆ ಇದು ದೊಡ್ಡ ಉಪಕಾರ.

ಗಾಡಿಯೊಳಗೆ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಫೋನಿನಲ್ಲಿ ಮಾತನಾಡುವುದು ಅಸಭ್ಯತೆ. ನಗರದ ರೈಲಿನಲ್ಲಿ ತಿನ್ನುವುದು ಸಲ್ಲ. ಶಿಂಕಾನ್ಸೆನ್‌ನಲ್ಲಿ ಬುತ್ತಿ ಬಿಚ್ಚಬಹುದು. ಆದರೆ ಟೋಕಿಯೊ–ಒಸಾಕಾ ಗಾಡಿಗಳಲ್ಲಿ ತಿಂಡಿ ಮಾರುತ್ತಿದ್ದ ತಳ್ಳುಬಂಡಿ 2023ರ ಅಕ್ಟೋಬರ್ ಕೊನೆಗೆ ನಿಂತಿತು. ಬೇಕಾದುದನ್ನು ಹತ್ತುವ ಮುನ್ನವೇ ಕೊಂಡುಕೊಳ್ಳಬೇಕು. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ. ಕಸ ನಮ್ಮ ಚೀಲದಲ್ಲೇ ಇರಲಿ.

ಕಣ್ಣಿಗೆ ಕಾಣದ ಮೀನು

ಈಗ ಊಟದ ವಿಚಾರ. ಮೀನು ತಿನ್ನುವ ಮನೆಯವರಿಗೆ ಜಪಾನು ಹಬ್ಬ. ಅವರಿಗೆ ನಮ್ಮ ಉಪದೇಶ ಬೇಡ. ಶಾಕಾಹಾರಿಗಳಿಗೆ ಹೇಳಬೇಕಾದುದು ಒಂದು ಶಬ್ದ: ದಾಶಿ. ನಮ್ಮಲ್ಲಿ ಸಾರಿಗೆ ಬೇಳೆಯ ಕಟ್ಟು ಹೇಗೋ ಅಲ್ಲಿಯ ಅಡುಗೆಗೆ ದಾಶಿ ಹಾಗೆ. ಕೊಂಬು ಎಂಬ ಕಡಲಪಾಚಿಯನ್ನೂ, ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ತೆಳು ಹೆರೆಗಳನ್ನೂ ಕುದಿಸಿ ಸೋಸಿದ ತಿಳಿನೀರು ಅದು. ಮಿಸೊ ಸಾರು, ಉದೊನ್ ಮತ್ತು ಸೊಬ ಶ್ಯಾವಿಗೆಗಳ ರಸ, ತರಕಾರಿ ತೆಂಪುರವನ್ನು ಅದ್ದುವ ದ್ರವ, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲಿಯೂ ಅದಿರುತ್ತದೆ. ತಣ್ಣಗಿನ ತೋಫುವಿನ ಮೇಲೆ ಅದೇ ಮೀನಿನ ಹೆರೆ ಉದುರಿಸಿರುತ್ತಾರೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೇಣದಂತಹ ಮಾದರಿ ಊಟವನ್ನು ನೋಡಿ, ಬರೀ ತರಕಾರಿಯೆಂದು ಬಗೆದು ಬೆರಳು ತೋರಿಸಿದರೆ ಮೋಸ ಹೋಗುತ್ತೀರಿ.

“ವೆಜಿಟೇರಿಯನ್” ಎಂದರೆ ಸಾಲದು. ತರಕಾರಿ ಹೆಚ್ಚಿಗೆ ಹಾಕಿ ಎಂದೇ ಕೆಲವರು ತಿಳಿಯುತ್ತಾರೆ. ಮೀನು ಮಾಂಸವೆಂಬ ಲೆಕ್ಕಕ್ಕೆ ಬರದೆಯೂ ಹೋಗಬಹುದು. “ನಿಕು ಮೊ ಸಕಾನ ಮೊ ತಬೆಮಾಸೆನ್” ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲವೆಂದು ಅರ್ಥ. “ದಾಶಿ ಮೊ ದಾಮೆ ದೆಸು”, ಅಂದರೆ ದಾಶಿಯೂ ಆಗದು, ಎಂದು ಸೇರಿಸಿ. ಮೊಟ್ಟೆಗೆ ತಮಾಗೊ. ಇವನ್ನೆಲ್ಲ ಜಪಾನೀ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಮಕ್ಕಳಿಂದ ಬರೆಯಿಸಿಕೊಂಡು ಕಿಸೆಯಲ್ಲಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಚೀಟಿಯನ್ನು ಎರಡು ಕಡೆ ಓದಿ ನೋಡಿ, ಸಾಧ್ಯವಿಲ್ಲವೆಂದು ತಲೆಬಾಗಿಸಿ ಕಳುಹಿಸಿದರು. ಬೇಸರವೆನಿಸಲಿಲ್ಲ. ಸುಳ್ಳು ಹೇಳಿ ಬಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಹಾಗಾದರೆ ತಿನ್ನಬಹುದಾದುದೇನು? ಎಲ್ಲ ಬೀದಿಗಳಲ್ಲಿಯೂ ಹಗಲಿರುಳು ತೆರೆದಿರುವ ಸಣ್ಣ ಅಂಗಡಿಗಳಿವೆ. ಅಲ್ಲಿ ಓನಿಗಿರಿ ಎಂಬ ಅನ್ನದ ಉಂಡೆ ಸಿಗುತ್ತದೆ. ಅದರಲ್ಲಿ “ಉಮೆ” ಎಂಬುದನ್ನು ಕೇಳಿ. ಒಳಗಿರುವುದು ಉಪ್ಪು ಹಾಕಿದ ಹುಳಿ ಹಣ್ಣು. ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಬೆಳೆದ ನಾಲಿಗೆಗೆ ಅದು ಪರಕೀಯವಲ್ಲ. ಆದರೂ ಕೆಲವು ತಯಾರಿಕೆಗಳಲ್ಲಿ ಮೀನಿನ ಸತ್ವ ಸೇರಿರುವುದುಂಟು. ಫೋನಿನ ಕ್ಯಾಮರಾ ಹಿಡಿದು ಲೇಬಲನ್ನು ಭಾಷಾಂತರಿಸಿ ನೋಡಿದ ಮೇಲೆಯೇ ಕೊಳ್ಳಿ. ಸೌತೆಕಾಯಿ ಸುತ್ತಿದ ಕಪ್ಪ ಮಾಕಿ, ಬೇಯಿಸಿದ ಎಳೆ ಸೋಯಾ ಕೋಡು, ಚಳಿಗಾಲದಲ್ಲಿ ಸುಟ್ಟ ಸಿಹಿಗೆಣಸು, ಕೆಂಪು ಅಜುಕಿ ಕಾಳಿನ ಹೂರಣ ತುಂಬಿದ ದೈಫುಕು, ಹಣ್ಣುಗಳು ಇವೆಲ್ಲ ಹಸಿವಿಗೆ ಆಧಾರ. ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ನೀರು ಕಾಯಿಸುವ ಪಾತ್ರೆಯಿರುತ್ತದೆ. ಮನೆಯಿಂದ ಒಯ್ದ ಹುರಿದ ಅವಲಕ್ಕಿ, ಚಟ್ನಿಪುಡಿಗಳಿದ್ದರೆ ದಿನದ ಮೊದಲ ಊಟದ ಚಿಂತೆಯಿಲ್ಲ. ಟೋಕಿಯೊದ ನಿಶಿಕಸಾಯಿ ಎಂಬಲ್ಲಿ ಭಾರತೀಯರು ಬಹಳವಿದ್ದಾರೆ. ನಮ್ಮ ಊಟದ ಹೋಟೆಲುಗಳೂ ದಿನಸಿ ಅಂಗಡಿಗಳೂ ಇವೆ.

ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು. ಅದು ಸತ್ತವರಿಗೆ ಅನ್ನವಿಡುವ ಕ್ರಮ. ಟಿಪ್ಸು ಕೊಡುವ ಪದ್ಧತಿ ಇಲ್ಲವೇ ಇಲ್ಲ.

ಮೀನಿಲ್ಲದ ಬೆಟ್ಟ

ಒಂದು ರಾತ್ರಿಯನ್ನಾದರೂ ಕೊಯಾಸಾನ್ ಬೆಟ್ಟಕ್ಕೆ ಮೀಸಲಿಡಿರೆಂದು ನಮ್ಮ ಆಗ್ರಹ. ಕುಕಾಯ್ ಎಂಬ ಬೌದ್ಧ ಗುರು 816ರಲ್ಲಿ ನೆಲೆಗೊಳಿಸಿದ ಕ್ಷೇತ್ರವದು. ಒಸಾಕಾದ ನಂಬಾದಿಂದ ನಾನ್‌ಕಾಯ್ ರೈಲಿನಲ್ಲಿ ಗೊಕುರಾಕುಬಾಶಿಯ ವರೆಗೆ ಹೋಗಿ, ಅಲ್ಲಿಂದ ಹಗ್ಗ ಎಳೆಯುವ ಗಾಡಿಯಲ್ಲಿ ಬೆಟ್ಟ ಏರಬೇಕು. ಐವತ್ತರಷ್ಟು ಮಠಗಳಲ್ಲಿ ಯಾತ್ರಿಕರಿಗೆ ವಸತಿಯಿದೆ. ಅಲ್ಲಿ ಬಡಿಸುವುದು ಶೋಜಿನ್ ಊಟ: ಮಾಂಸವಿಲ್ಲ, ಮೀನಿಲ್ಲ, ಸಂಪ್ರದಾಯದಂತೆ ನೀರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕಡಲಪಾಚಿ, ಅಣಬೆಗಳಿಂದಲೇ ಮಾಡುತ್ತಾರೆ. ಎಳ್ಳಿನ ತೋಫು ಆ ಬೆಟ್ಟದ ಹೆಸರಾಂತ ತಿನಿಸು. ಮಡಿ ಊಟದವರು ಸಂಶಯವಿಲ್ಲದೆ ಬಟ್ಟಲು ಖಾಲಿ ಮಾಡಬಹುದಾದ ಸ್ಥಳವದು. ರಾತ್ರಿಯೂಟ ಆರು ಗಂಟೆಯ ಸುಮಾರಿಗೇ ಆಗುತ್ತದೆ, ತಡವಾಗಿ ತಲಪಬೇಡಿ.

ಮರುದಿನ ಮುಂಜಾನೆ ಒಕುನೊಯಿನ್ ಎಂಬಲ್ಲಿ ಮುಗಿಲು ಮುಟ್ಟುವ ಮರಗಳ ನಡುವೆ ನಡೆಯಿರಿ. ಐದು ತುಂಡು ಕಲ್ಲುಗಳನ್ನು ಒಂದರ ಮೇಲೊಂದಿಟ್ಟ ಸಮಾಧಿಗಳು ಅಲ್ಲಿ ಸಾಲುಸಾಲಾಗಿವೆ. ಹಲವು ಕಲ್ಲುಗಳ ಮೇಲೆ ಕೆತ್ತಿರುವುದು ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರಗಳು: ಅ, ವ, ರ, ಹ, ಖ. ಪೃಥ್ವಿಯಿಂದ ಆಕಾಶದ ವರೆಗಿನ ಪಂಚಭೂತಗಳ ಗುರುತು. ಕನ್ನಡ ಲಿಪಿಯಂತೆ ಸಿದ್ಧಂ ಕೂಡ ಬ್ರಾಹ್ಮಿಯ ಸಂತತಿ. ಬೋರ್ಡು ಓದಲು ಬಾರದೆಂದು ಅಂಜಿ ಹೊರಟವರು ಅಲ್ಲಿ ಕಲ್ಲಿನ ಮೇಲೆ ದೂರದ ನಂಟರನ್ನು ಕಾಣುತ್ತಾರೆ.

ಕೊನೆಗೆ ಮೂರು ಮಾತು. ಹೋಟೆಲಿನ ವಿಳಾಸದ ಚೀಟಿಯನ್ನು ಜಪಾನಿಯಲ್ಲಿ ಬರೆಯಿಸಿ ಪ್ರತಿಯೊಬ್ಬರ ಕಿಸೆಯಲ್ಲೂ ಇರಿಸಿ. ದಾರಿ ತಪ್ಪಿದರೆ ಕೋಬಾನ್ ಎಂಬ ಪೊಲೀಸು ಕಟ್ಟೆಯಲ್ಲಿ ಅದನ್ನು ತೋರಿಸಿ. ಅವಸರಕ್ಕೆ ಪೊಲೀಸಿಗೆ 110, ಆಂಬುಲೆನ್ಸಿಗೆ 119. ಹಿರಿಯರನ್ನು ಕರೆದೊಯ್ಯುವವರು ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ನೋಡುವ ಹಟ ಮಾಡಬೇಡಿ. ನಡಿಗೆ ನಾವೆಣಿಸಿದುದಕ್ಕಿಂತ ಹೆಚ್ಚೇ ಆಗುತ್ತದೆ. ಮತ್ತು ಊಟದ ಹೆದರಿಕೆಯೊಂದರಿಂದ ಅಮ್ಮನನ್ನೋ ಅಜ್ಜನನ್ನೋ ಮನೆಯಲ್ಲಿ ಬಿಟ್ಟುಹೋಗಬೇಡಿ. ಒಂದು ಚೀಟಿ, ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಅವರೂ ಸುಖವಾಗಿ ಹೋಗಿಬರಬಹುದಾದ ದೇಶವದು.