ಕಡತದ ವಿಳಾಸ: ಎರಡು ಗೆರೆಗಳ ಕಥೆ

ಲಕೋಟೆಯ ಮೇಲೆ ವಿಳಾಸವನ್ನು ಬರೆಯುವಾಗ ನಾವು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ: ಮೊದಲು ವ್ಯಕ್ತಿಯ ಹೆಸರು, ಅನಂತರ ಮನೆ, ಬೀದಿ, ಊರು, ಜಿಲ್ಲೆ. ಗಣಕಯಂತ್ರದ ಕ್ರಮ ಇದಕ್ಕೆ ವಿಪರೀತವಾದುದು. ಅದರಲ್ಲಿ ಶೇಖರಿಸಿಟ್ಟ ಪ್ರತಿಯೊಂದು ಬರಹವೂ ಚಿತ್ರವೂ ಒಂದೊಂದು ಕಡತ, ಅಂದರೆ ಫೈಲು. ಕಡತಗಳನ್ನಿಡುವ ಪೆಟ್ಟಿಗೆಯೇ ಕೋಶ, ಅಂದರೆ ಫೋಲ್ಡರು. ಕೋಶದೊಳಗೆ ಮತ್ತೊಂದು ಕೋಶ, ಅದರೊಳಗೆ ಇನ್ನೊಂದು ಇರಬಹುದು. ಅತ್ಯಂತ ಹೊರಗಿನ ಕೋಶದಿಂದ ತೊಡಗಿ ಕಡತದ ಹೆಸರಿನವರೆಗೆ ಬರೆದ ಸಾಲಿಗೆ ಪಥವೆಂದು ಹೆಸರು. ಯೂನಿಕ್ಸ್ ಮತ್ತು ಅದರ ಮಾದರಿಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಪಥವು /ಶಾಲೆ/ಗಣಿತ/ಪಾಠ ಎಂದಿದ್ದರೆ, ವಿಂಡೋಸ್ ಯಂತ್ರದಲ್ಲಿ ಅದು ಸಿ:\ಶಾಲೆ\ಗಣಿತ\ಪಾಠ ಎಂದಿರುತ್ತದೆ. ಮೊದಲನೆಯ ಗೆರೆಯನ್ನು ಸ್ಲ್ಯಾಷ್ ಎಂದೂ ಎರಡನೆಯದನ್ನು ಬ್ಯಾಕ್‌ಸ್ಲ್ಯಾಷ್ ಎಂದೂ ಕರೆಯುತ್ತಾರೆ. ನಾವು ಇವನ್ನು ಮುಂದೋರೆ, ಹಿಂದೋರೆ ಎನ್ನೋಣ.

ಮನೆಯ ಯಂತ್ರದಲ್ಲಿ ಸರಿಯಾಗಿ ನಡೆದ ಕ್ರಮವಿಧಿಯನ್ನು ಕಾಲೇಜಿನ ಯಂತ್ರಕ್ಕೆ ಒಯ್ದ ವಿದ್ಯಾರ್ಥಿಗೆ “ಕಡತ ಸಿಕ್ಕಲಿಲ್ಲ” ಎಂಬ ಉತ್ತರ ದೊರೆಯುವುದು ಅನೇಕ ವೇಳೆ ಈ ಗೆರೆಗಳ ದೆಸೆಯಿಂದಲೇ. ಒಂದೇ ಕೆಲಸಕ್ಕೆ ಎರಡು ಗೆರೆಗಳು ಏಕೆ ಬೇಕಾದವು?

ಕೋಶದೊಳಗೆ ಕೋಶವನ್ನಿಡುವ ಏರ್ಪಾಡನ್ನು ಅಮೆರಿಕದ ಮಲ್ಟಿಕ್ಸ್ ಯೋಜನೆಯವರು ೧೯೬೫ರಲ್ಲಿಯೇ ವಿವರಿಸಿದ್ದರು. ಅಲ್ಲಿ ಹೆಸರುಗಳ ನಡುವೆ ಬರುತ್ತಿದ್ದುದು > ಎಂಬ ಗುರುತು. ಆ ಯೋಜನೆಯಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸನ್ನು ಕಟ್ಟತೊಡಗಿದಾಗ ಏರ್ಪಾಡನ್ನು ಉಳಿಸಿಕೊಂಡು ಗುರುತನ್ನು ಬದಲಿಸಿದರು, ಮುಂದೋರೆ ಬಂದಿತು. ಯೂನಿಕ್ಸಿನಲ್ಲಿ ಎಲ್ಲ ಕಡತಗಳೂ ಸೇರಿ ಒಂದೇ ಮರ. ಅದರ ಬೇರಿಗೆ ಬರಿಯ / ಎಂದೇ ಹೆಸರು. ಹೊಸ ಡಿಸ್ಕೊಂದನ್ನು ಜೋಡಿಸಿದರೆ ಅದು ಅದೇ ಮರದ ಒಂದು ಕೊಂಬೆಯಾಗಿಬಿಡುತ್ತದೆ.

ಚಿಕ್ಕ ಯಂತ್ರಗಳು ಬೆಳೆದ ಬಗೆ ಬೇರೆ. ೧೯೭೪ರಲ್ಲಿ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ವ್ಯವಸ್ಥೆಯು ಫ್ಲಾಪಿ ಡಿಸ್ಕುಗಳನ್ನು ನೆಚ್ಚಿಕೊಂಡಿದ್ದಿತು. ಡಿಸ್ಕು ಹಿಡಿಯುತ್ತಿದ್ದುದೇ ಕೆಲವು ಕಡತಗಳನ್ನು, ಅದಕ್ಕೆ ಮರವೇಕೆ? ಒಂದು ಡ್ರೈವಿಗೆ ಎ, ಇನ್ನೊಂದಕ್ಕೆ ಬಿ ಎಂದು ಅಕ್ಷರವನ್ನಿಟ್ಟರೆ ಸಾಕಾಗಿತ್ತು. ೧೯೮೧ರಲ್ಲಿ ಬಂದ ಎಂಎಸ್-ಡಾಸ್ ಈ ಅಕ್ಷರಗಳನ್ನು ಹಾಗೆಯೇ ತೆಗೆದುಕೊಂಡಿತು. ಮುಂದೋರೆಯನ್ನು ಅದು ಬೇರೆ ಕೆಲಸಕ್ಕೆ ಹಚ್ಚಿತು: ಆಜ್ಞೆಯನ್ನು ಹೇಗೆ ನಡೆಸಬೇಕೆಂಬ ಸೂಚನೆಯ ಮುಂದೆ ಆ ಗೆರೆಯನ್ನು ಬರೆಯಬೇಕಾಗಿದ್ದಿತು. ೧೯೮೩ರಲ್ಲಿ ಐಬಿಎಂ ಸಂಸ್ಥೆಯ ಎಕ್ಸ್‌ಟಿ ಯಂತ್ರವು ೧೦ ಮೆಗಾಬೈಟುಗಳ ಡಿಸ್ಕಿನೊಡನೆ ಹೊರಬಿದ್ದಾಗ ಡಾಸಿಗೂ ಕೋಶಗಳು ಬೇಕಾದವು. ಆದರೆ ಮುಂದೋರೆಯ ಜಾಗ ಆಗಲೇ ಭರ್ತಿಯಾಗಿತ್ತು! ಆದುದರಿಂದ ಡಾಸಿನ ಎರಡನೆಯ ಆವೃತ್ತಿ ಹಿಂದೋರೆಯನ್ನು ಹಿಡಿಯಿತು.

ಈ ಹಿಂದೋರೆಯೂ ನಿರುದ್ಯೋಗಿಯಾಗಿರಲಿಲ್ಲ. ಯೂನಿಕ್ಸಿನೊಡನೆ ಬೆಳೆದ ಸಿ ಭಾಷೆಯಲ್ಲಿ ಅದಕ್ಕೆ ವಿಶೇಷವಾದ ಅರ್ಥವಿದೆ. ಅದರ ಮುಂದೆ ಇಂಗ್ಲಿಷಿನ ಎನ್ ಅಕ್ಷರ ಬಂದರೆ ಹೊಸ ಸಾಲು. ಟಿ ಬಂದರೆ ಅಗಲವಾದ ಒಂದು ತೆರಪು. ಎನ್ ಅಕ್ಷರದಿಂದ ತೊಡಗುವ ಕೋಶದ ಪಥವನ್ನು ಹಿಂದೋರೆಯೊಡನೆ ಬರೆದರೆ ಯಂತ್ರವು ಆ ಕೋಶವನ್ನು ಕಾಣುವುದಿಲ್ಲ. ಸಾಲು ಮುರಿದು ಕೆಳಕ್ಕಿಳಿಯುತ್ತದೆ. ಇದನ್ನು ತಪ್ಪಿಸಲು ಹಿಂದೋರೆಯನ್ನು ಎರಡೆರಡು ಬಾರಿ ಬರೆಯಬೇಕು. ವಿಂಡೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಮುಂದೋರೆಯನ್ನೂ ಒಪ್ಪಿಕೊಳ್ಳುತ್ತದೆಂಬುದು ಸಮಾಧಾನದ ಸಂಗತಿ. ಯೂನಿಕ್ಸಿನಲ್ಲಿ ಈ ಔದಾರ್ಯವಿಲ್ಲ. ಅಲ್ಲಿ ಹಿಂದೋರೆಯು ಹೆಸರಿನಲ್ಲಿ ಬರಬಹುದಾದ ಒಂದು ಸಾಧಾರಣ ಚಿಹ್ನೆ. ಗಣಿತ\ಪಾಠ ಎಂದು ಬರೆದರೆ ಗಣಿತ ಎಂಬ ಕೋಶ ಹುಟ್ಟುವುದಿಲ್ಲ. ಗೆರೆಯನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಒಂದೇ ಕಡತ ಹುಟ್ಟುತ್ತದೆ.

ಗೆರೆಯನ್ನು ಬದಲಿಸಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಯಿತೆಂದು ತಿಳಿಯಬಾರದು. ಪಥವನ್ನು ಬರಿಯ ಅಕ್ಷರಗಳ ಸಾಲೆಂದು ಎಣಿಸಿ ತುಂಡುಗಳನ್ನು ಅಂಟಿಸುವುದರಲ್ಲಿಯೇ ಅಪಾಯವಿದೆ. ೨೦೧೫ರ ಜನವರಿಯಲ್ಲಿ ಇದು ಎಲ್ಲರ ಕಣ್ಣಿಗೂ ಬಿದ್ದಿತು. ಆಟಗಳನ್ನು ಒದಗಿಸುವ ಸ್ಟೀಮ್ ಎಂಬ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ಆಜ್ಞೆಯಿತ್ತು: ಸ್ಟೀಮಿನ ಕೋಶದ ಹೆಸರನ್ನು ಬರೆ, ಮುಂದೆ / ಸೇರಿಸು, ಅದರೊಳಗಿನದನ್ನೆಲ್ಲ ಅಳಿಸು. ಆ ಕೋಶವನ್ನು ಬೇರೆಡೆಗೆ ಸಾಗಿಸಿದ್ದ ಒಬ್ಬ ಬಳಕೆದಾರನ ಯಂತ್ರದಲ್ಲಿ ಹೆಸರಿನ ಜಾಗ ಖಾಲಿಯಾಯಿತು. ಉಳಿದುದು / ಮಾತ್ರ. ಅದು ಇಡೀ ಮರದ ಬೇರಲ್ಲವೆ? ಆತನ ಕಡತಗಳೆಲ್ಲ ಅಳಿಸಿಹೋದವು. ಪ್ರತಿಗಳನ್ನು ಕಾದಿಡಲೆಂದು ಹೊರಗಿನಿಂದ ಜೋಡಿಸಿದ್ದ ಡಿಸ್ಕಿನ ಕಡತಗಳೂ ಉಳಿಯಲಿಲ್ಲ, ಏಕೆಂದರೆ ಯೂನಿಕ್ಸಿನ ರೀತಿಯಲ್ಲಿ ಆ ಡಿಸ್ಕೂ ಅದೇ ಮರದ ಕೊಂಬೆ.

ಆದುದರಿಂದ ಪಥವೆಂದರೆ ಹೆಸರುಗಳ ಒಂದು ಪಟ್ಟಿಯೆಂದು ಭಾವಿಸುವುದೇ ಕ್ಷೇಮ. ಹೆಸರುಗಳನ್ನು ನಾವು ಕೊಡಬೇಕು. ನಡುವಿನ ಗೆರೆ ಯಾವುದೆಂಬುದನ್ನು ಯಂತ್ರ ನೋಡಿಕೊಳ್ಳಬೇಕು. ಪೈಥಾನ್ ಭಾಷೆಗೆ ೨೦೧೪ರಲ್ಲಿ ಸೇರಿದ ಪಾಥ್‌ಲಿಬ್ ಎಂಬ ಭಾಗವು ಈ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ. ಡ್ರೈವಿನ ಅಕ್ಷರಕ್ಕೆ ಮಾತ್ರ ಯೂನಿಕ್ಸಿನಲ್ಲಿ ಸಹಜವಾದ ಸಾಟಿಯಿಲ್ಲ. ವಿಂಡೋಸಿನೊಳಗೆ ಲಿನಕ್ಸನ್ನು ನಡೆಸುವ ೨೦೧೬ರ ಏರ್ಪಾಡಿನಲ್ಲಿ ಸಿ: ಎಂಬುದು /ಎಂಎನ್‌ಟಿ/ಸಿ ಆಯಿತು. ಇದು ಕೇವಲ ಒಪ್ಪಂದ. ಕ್ರಮವಿಧಿಯು ತಾನಿರುವ ಕೋಶದಿಂದಲೇ ದಾರಿಯನ್ನು ಎಣಿಸುವಂತೆ ಬರೆದರೆ ಬೇರಿನ ಮಾತೇ ಏಳುವುದಿಲ್ಲ.

ಹೆಸರುಗಳ ವಿಷಯದಲ್ಲಿ ಕನ್ನಡಿಗರು ಒಂದು ತೊಡಕಿನಿಂದ ಪಾರಾಗಿದ್ದೇವೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯೆಂದೂ ವಿಂಡೋಸ್ ವಾಡಿಕೆಯಲ್ಲಿ ಒಂದೇ ಎಂದೂ ಎಣಿಸುತ್ತವೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ. ಆದರೆ ನಮ್ಮದೇ ಆದ ತೊಡಕುಗಳಿವೆ. ‘ಕೊಡಗು’ ಎಂಬಲ್ಲಿ ಒ ಸ್ವರದ ಗುರುತನ್ನು ಒಂದೇ ಸಂಕೇತದಿಂದ ಬರೆಯಬಹುದು. ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು. ಮ್ಯಾಕ್ ಯಂತ್ರಗಳಿಗೆ ೧೯೯೮ರಲ್ಲಿ ಬಂದ ಕಡತವ್ಯವಸ್ಥೆಯು ಒಡೆದೇ ಬರೆಯುತ್ತಿದ್ದಿತು. ಲಿನಕ್ಸ್ ಸಾಧಾರಣವಾಗಿ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಹೀಗಾಗಿ ಒಂದೇ ಕೋಶದಲ್ಲಿ ಎರಡು ‘ಕೊಡಗು’ಗಳು ಅಕ್ಕಪಕ್ಕದಲ್ಲಿ ಕುಳಿತಿರಬಹುದು; ಕಣ್ಣಿಗೆ ಎರಡೂ ಒಂದೇ.

ಇನ್ನು ಉದ್ದ. ವಿಂಡೋಸಿನಲ್ಲಿ ಒಂದು ಹೆಸರು ೨೫೫ ಕನ್ನಡ ಚಿಹ್ನೆಗಳಷ್ಟಿರಬಹುದು. ಲಿನಕ್ಸಿನ ಮಿತಿಯೂ ೨೫೫. ಆದರೆ ಅವು ಬೈಟುಗಳು. ಅಲ್ಲಿ ಬಳಸುವ ಸಂಕೇತಕ್ರಮದಲ್ಲಿ ಪ್ರತಿ ಕನ್ನಡ ಚಿಹ್ನೆಗೂ ೩ ಬೈಟು ಬೇಕು. ‘ಕ್ಷ’ ಎಂಬ ಒಂದಕ್ಷರದಲ್ಲಿ ಚಿಹ್ನೆಗಳು ಮೂರು, ಅಂದರೆ ೯ ಬೈಟು. ಹೆಸರಿನ ತುದಿಯ ಚುಕ್ಕಿಗೂ ಮೂರು ಇಂಗ್ಲಿಷ್ ಅಕ್ಷರಗಳ ಬಾಲಕ್ಕೂ ೪ ಬೈಟು ಕಳೆದರೆ ಕನ್ನಡಕ್ಕೆ ಉಳಿಯುವುದು ೮೩ ಚಿಹ್ನೆ.