ಜಡ್ಡೋ, ಪೆಟ್ಟೋ? ಚೀಟಿಯ ಒಂದು ಶಬ್ದದ ಮೇಲೆ ನಿಂತ ಇಎಸ್‌ಐ ಹಣ

ಸೊಲ್ಲಾಪುರ: ಚಾದರ, ಟವೆಲ್ ನೇಯುವ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡ ಮಂದಿಗೆ ಪೆಟ್ಟು ಬೀಳುವುದು ಹೊಸದಲ್ಲ. ಮಗ್ಗದಲ್ಲಿ ಬೆರಳು ಸಿಕ್ಕಿಬಿದ್ದಾಗ, ‘ಈಗ ಸುಮ್ಮನೆ ಜಡ್ಡು ಅಂತ ಬರಸು, ರಜಾ ಹಾಕು, ಮುಂದ ನೋಡೂಣು’ ಎಂದು ಹೇಳುವವರೂ ಇರುತ್ತಾರೆ. ಮಾತು ಸರಳವಾಗಿದೆ. ಆದರೆ ಹಾಗೆ ಬರೆಸಿದರೆ ಮನೆಗೆ ಬರಬೇಕಾದ ಹಣ ಕಡಿಮೆಯಾಗುತ್ತದೆ, ಜೀವನಪೂರ್ತಿ ಸಿಗಬೇಕಾದ ಹಕ್ಕೇ ಕೈತಪ್ಪುವ ಸಂಭವವೂ ಇದೆ.

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, 1948ರ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಈಗ ಆ ಕಾಯ್ದೆ ಸೇರಿದೆ. ಸೌಲಭ್ಯಗಳು ಮುಂದುವರಿದಿವೆ. 2019ರ ಜುಲೈನಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಪಗಾರದಿಂದ ಶೇ 0.75 ಮುರಿಯುತ್ತಾರೆ, ಮಾಲಕ ಶೇ 3.25 ಕಟ್ಟಬೇಕು. ಅಂದರೆ ತಿಂಗಳಿಗೆ 13,000 ರೂಪಾಯಿ ಪಗಾರ ಇದ್ದವರದು 97 ರೂಪಾಯಿ 50 ಪೈಸೆ, ಮಾಲಕನದು 422 ರೂಪಾಯಿ 50 ಪೈಸೆ. ಹಣ ಮುರಿಯುವುದು ಎಲ್ಲರಿಗೂ ಗೊತ್ತು. ತಿರುಗಿ ಎಷ್ಟು ಬರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಲೆಕ್ಕ ಶುರುವಾಗುವುದು ಎಲ್ಲಿಂದ?

ಎಲ್ಲ ಲೆಕ್ಕಕ್ಕೂ ಬುನಾದಿ ದಿನದ ಸರಾಸರಿ ಪಗಾರ. ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರ ಫಲ ಜುಲೈನಿಂದ ಡಿಸೆಂಬರ್‌ವರೆಗೆ. ಕಟ್ಟಿದ ಆರು ತಿಂಗಳ ಒಟ್ಟು ಪಗಾರವನ್ನು, ಪಗಾರ ಸಿಕ್ಕ ದಿನಗಳಿಂದ ಭಾಗಿಸಬೇಕು. 156 ದಿನಕ್ಕೆ 78,000 ರೂಪಾಯಿ ಬಂದಿದ್ದರೆ ದಿನದ ಸರಾಸರಿ 500 ರೂಪಾಯಿ. ಮುಂದಿನ ಲೆಕ್ಕವನ್ನೆಲ್ಲ ಈ 500ರ ಮೇಲೆಯೇ ನೋಡೋಣ.

ಜಡ್ಡು ಬಿದ್ದರೆ ಸಿಗುವುದು ಇದರ ಶೇ 70, ಅಂದರೆ ದಿನಕ್ಕೆ 350 ರೂಪಾಯಿ. ಅದಕ್ಕೆ ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹಿಂದಿನ ಜಡ್ಡಿನಿಂದ ಎದ್ದು 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಆ ಎರಡು ದಿನ ಕಳೆಯುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ 91 ದಿನ.

ಕೆಲಸದ ಮೇಲೆ ಪೆಟ್ಟಾದರೆ ಲೆಕ್ಕವೇ ಬೇರೆ. ತಾತ್ಕಾಲಿಕ ಅಂಗವೈಕಲ್ಯ ಎಂದು ಶೇ 90, ಅಂದರೆ ದಿನಕ್ಕೆ 450 ರೂಪಾಯಿ. 78 ದಿನದ ಷರತ್ತು ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನಿಗೂ ಉಂಟು. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಿದ್ದರೆ ಸಾಕು, 91 ದಿನದ ಮಿತಿಯೂ ಇಲ್ಲ. ಗುಣವಾಗುವವರೆಗೆ ನಡೆಯುತ್ತದೆ.

ಒಬ್ಬನೇ ಮನುಷ್ಯ, ಅದೇ ಬೆರಳು, ಅದೇ 30 ದಿನ. ಜಡ್ಡು ಅಂತ ಬರೆಸಿದರೆ 28 ದಿನಕ್ಕೆ 9,800 ರೂಪಾಯಿ. ಪೆಟ್ಟು ಅಂತ ಬರೆಸಿದರೆ 13,500. ಒಂದು ಶಬ್ದಕ್ಕೆ 3,700 ರೂಪಾಯಿ ಫರಕು.

ಬೆರಳು ಹೋದರೆ

ನಿಜವಾದ ನಷ್ಟ ಮುಂದೆ ಇದೆ. ಗಾಯ ಮಾಯ್ದ ಮೇಲೂ ಊನ ಉಳಿದರೆ ವೈದ್ಯಕೀಯ ಮಂಡಳಿ ದುಡಿಯುವ ಶಕ್ತಿ ಶೇಕಡಾ ಎಷ್ಟು ಕುಂದಿದೆ ಎಂದು ನಿಗದಿ ಮಾಡುತ್ತದೆ. ಕಾಯ್ದೆಯ ಪಟ್ಟಿಯಂತೆ ಒಂದೇ ಕೈಯ ಎರಡು ಬೆರಳು ಹೋದರೆ ಶೇ 20, ಹೆಬ್ಬೆರಳು ಹೋದರೆ ಶೇ 30. ಶೇ 20 ಎಂದಾದರೆ 450ರಲ್ಲಿ ಐದನೇ ಒಂದು ಭಾಗ, ದಿನಕ್ಕೆ 90 ರೂಪಾಯಿ. 30 ದಿನದ ತಿಂಗಳಿಗೆ 2,700. ಶಾಶ್ವತ ಊನವೆಂದು ತೀರ್ಮಾನವಾದರೆ ಇದು ಜೀವ ಇರುವವರೆಗೆ. ಮೊದಲ ದಿನವೇ ‘ಜಡ್ಡು’ ಎಂದು ಬರೆಸಿದವರು, ಆ ಬೆರಳು ಮಗ್ಗದಲ್ಲೇ ಹೋಯಿತು ಎಂದು ಆಮೇಲೆ ಸಾಬೀತು ಮಾಡಲು ಪರದಾಡಬೇಕಾಗುತ್ತದೆ.

ಎರಡನ್ನೂ ಕೂಡಿಸಿ ಪಡೆಯಬಹುದೇ?

ಒಂದೇ ದಿನಕ್ಕೆ ಜಡ್ಡಿನ ಹಣ, ತಾತ್ಕಾಲಿಕ ಪೆಟ್ಟಿನ ಹಣ ಎರಡೂ ಸಿಗುವುದಿಲ್ಲ. ಹೆರಿಗೆ ಹಣದ ಜೊತೆಗೂ ಇವೆರಡನ್ನು ಕೂಡಿಸುವಂತಿಲ್ಲ. ಯಾವುದು ಬೇಕೆಂದು ಆರಿಸುವ ಹಕ್ಕು ಕಾರ್ಮಿಕನದು. ಪಗಾರ ಸಿಕ್ಕ ದಿನ, ಪಗಾರ ಸಹಿತ ರಜೆಯ ದಿನ, ಮುಷ್ಕರದ ದಿನ ಈ ಎರಡೂ ಹಣ ಬರುವುದಿಲ್ಲ.

ಶಾಶ್ವತ ಊನದ ಹಣಕ್ಕೆ ಈ ಅಡ್ಡಿ ಇಲ್ಲ. ಎರಡು ಬೆರಳು ಕಳಕೊಂಡವನು ಮತ್ತೆ ಕೆಲಸಕ್ಕೆ ಹೋಗಿ ಪಗಾರ ತಂದರೂ 90 ರೂಪಾಯಿ ನಿಲ್ಲುವುದಿಲ್ಲ. ಮುಂದೆ ಅವನಿಗೆ ಕಾಮಾಲೆ ಬಂದು ಮಲಗಿದರೆ ಜಡ್ಡಿನ ಹಣವೂ, ಈ 90 ರೂಪಾಯಿಯೂ ಒಟ್ಟಿಗೆ ಬರುತ್ತವೆ. ‘ಕೆಲಸಕ್ಕೆ ಹೋದರೆ ಪೆನ್ಶನ್ ಬಂದ್’ ಎಂಬ ಹೆದರಿಕೆ ತಪ್ಪು.

ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯುವಿನಂಥ ದೀರ್ಘ ಜಡ್ಡಿಗೆ ಇನ್ನೊಂದು ದಾರಿ ಇದೆ. ಎರಡು ವರ್ಷ ಸತತ ಕೆಲಸ, ಅದರಲ್ಲಿ 156 ದಿನದ ವಂತಿಗೆ ಇದ್ದರೆ 91 ದಿನ ಮುಗಿದ ಮೇಲೆ ಶೇ 80 ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ದಿನಕ್ಕೆ 400 ರೂಪಾಯಿ.

ಮರೆಯಬಾರದ ಮಾತು

ಪೆಟ್ಟಾದ ದಿನವೇ ಕಾರಖಾನೆಯ ಅಪಘಾತ ಪುಸ್ತಕದಲ್ಲಿ ಹೆಸರು ಹತ್ತಿಸಬೇಕು. ಮಾಲಕರ ವರದಿ ಇಎಸ್‌ಐ ಶಾಖೆಗೆ ಹೋಯಿತೇ ಎಂದು ಕೇಳಬೇಕು. ಇಎಸ್‌ಐ ಡಾಕ್ಟರರ ಚೀಟಿ ಮುಖ್ಯ. ಅಕ್ಕಲಕೋಟದಿಂದಲೋ ಇಂಡಿಯಿಂದಲೋ ಖಾಸಗಿ ದವಾಖಾನೆಯ ಚೀಟಿ ತಂದರೆ ಸಾಕು ಎಂದು ಕೂರಬಾರದು. ಚೀಟಿ, ಅರ್ಜಿ ಮರಾಠಿಯಲ್ಲಿದ್ದರೆ ‘ಆಜಾರ’ ಅಂದರೆ ಜಡ್ಡು, ‘ಅಪಘಾತ’, ‘ಇಜಾ’ ಅಂದರೆ ಪೆಟ್ಟು. ಸಹಿ ಹಾಕುವ ಮುಂಚೆ ಓದಬಲ್ಲವರಿಂದ ಓದಿಸಿಕೊಳ್ಳಿ. ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ಕನ್ನಡ ಶಾಲೆಯ ದಾಖಲೆಯ ಹೆಸರು, ಇಎಸ್‌ಐ ಕಾರ್ಡಿನ ಹೆಸರು, ಪಾಸ್‌ಬುಕ್ಕಿನ ಹೆಸರು ಒಂದೇ ಇರಲಿ.

ಹಳ್ಳಿಯಿಂದ ದಿನಾ ಬಂದುಹೋಗುವವರು ಇನ್ನೊಂದು ಗಮನಿಸಬೇಕು. 2010ರ ತಿದ್ದುಪಡಿಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸದ ಜೊತೆ ಸಂಬಂಧ ತೋರಿಸಿದರೆ, ಕೆಲಸದ ಪೆಟ್ಟೇ.

ಹತ್ತು ಜನಕ್ಕಿಂತ ಕಡಿಮೆ ಆಳುಗಳಿರುವ ಸಣ್ಣ ಶೆಡ್ಡುಗಳಲ್ಲಿ ಇಎಸ್‌ಐ ಇರುವುದು ಅಪರೂಪ. ಅಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ನೇರವಾಗಿ ಮಾಲಕನದೇ. ಅಂಥ ಕಡೆಯೂ ಮೊದಲ ದಿನದ ಬರಹವೇ ಆಧಾರ.